ಹಳೆಯ ಕೋವಿಗೆ ಯಾವ ಮದ್ದು?

ವಿಜಯಪುರದ ಷೆರ್ಜಾ ಬುರುಜಿನ ಮೇಲೆ ಮಲಗಿರುವ ಮಲಿಕ್-ಎ-ಮೈದಾನ್ ತೋಪನ್ನು ನೋಡಲು ಬಂದವರು ಸಾಮಾನ್ಯವಾಗಿ ಮೂರು ಪ್ರಶ್ನೆ ಕೇಳುತ್ತಾರೆ. ಇದರ ತೂಕ ಎಷ್ಟು? ಗುಂಡು ಎಷ್ಟು ದೂರ ಹೋಗುತ್ತಿತ್ತು? ಇಷ್ಟು ಭಾರವನ್ನು ಮೇಲಕ್ಕೆ ಏರಿಸಿದ್ದು ಹೇಗೆ? ಇದಕ್ಕೆ ಎಂಥ ಮದ್ದು ತುಂಬುತ್ತಿದ್ದರು ಎಂದು ಕೇಳುವವರು ಅಪರೂಪ. ಆದರೆ ಒಂದು ತೋಪು ನಾಲ್ಕು ನೂರು ವರ್ಷ ಉಳಿಯುವುದೋ, ಮೊದಲ ದಿನವೇ ಸಿಡಿದು ತನ್ನ ಗೋಲಂದಾಜನನ್ನೇ ತಿನ್ನುವುದೋ ಎಂಬುದು ಬಹುಮಟ್ಟಿಗೆ ಈ ಕೇಳದ ಪ್ರಶ್ನೆಯನ್ನೇ ಅವಲಂಬಿಸಿದೆ.

ಪ್ರಶ್ನೆ ಬರೀ ಚರಿತ್ರೆಗೆ ಸೇರಿದ್ದಲ್ಲ. ತಿಕೋಟಾ, ಬಬಲೇಶ್ವರದ ಸೀಮೆಯ ಹಳೆಯ ವಾಡೆಗಳಲ್ಲಿ, ಗೌಡಕಿಯ ಮನೆಗಳಲ್ಲಿ ಅಜ್ಜನ ಕಾಲದ ಜೋಡುನಳಿಗೆ ಬಂದೂಕು ಸಿಗುವುದುಂಟು. ಖಂಡೇನವಮಿಯ ದಿನ ಅದು ಸಂದೂಕಿನಿಂದ ಹೊರಬಂದು ಕುಡ, ಕುಡುಗೋಲು, ಟ್ರ್ಯಾಕ್ಟರುಗಳ ಸಾಲಿನಲ್ಲಿ ಅರಿಶಿನ ಕುಂಕುಮ ಹಚ್ಚಿಸಿಕೊಳ್ಳುತ್ತದೆ. ಪರವಾನಗಿ ಮೊಮ್ಮಗನ ಹೆಸರಿಗೆ ವರ್ಗವಾಗಿರುತ್ತದೆ. ಚುನಾವಣೆ ಬಂದಾಗ ಠಾಣೆಗೆ ಹೋಗಿ ಕೂತು ಬರುತ್ತದೆ. ಆದರೆ ಅದರ ನಳಿಗೆ ಯಾವ ಮದ್ದನ್ನು ನೆಚ್ಚಿ ಮಾಡಿದ್ದು ಎಂಬ ತಿಳಿವಳಿಕೆ ಮಾತ್ರ ಅಜ್ಜನೊಂದಿಗೇ ಹೋಗಿರುತ್ತದೆ. ದ್ರಾಕ್ಷಿ ತೋಟಕ್ಕೆ ಹಂದಿ ನುಗ್ಗಿತೆಂದು, ಇಲ್ಲವೇ ಬರೀ ಉಮೇದಿಗೆಂದು, ಕೈಗೆ ಸಿಕ್ಕ ತೋಟಾವನ್ನೋ ಮದ್ದನ್ನೋ ಅದಕ್ಕೆ ತುಂಬಿದರೆ ಆಗುವ ಅನಾಹುತದ ಮೂಲ ಈ ಮರೆವಿನಲ್ಲಿದೆ.

ಮೊದಲು ಮದ್ದಿನ ಸ್ವಭಾವ. ಹಳೆಯ ಕರಿಮದ್ದಿನಲ್ಲಿ ಇರುವುದು ಮೂರೇ ವಸ್ತು: ಸುಮಾರು ಮುಕ್ಕಾಲು ಪಾಲು ಪೆಟ್ಲುಪ್ಪು, ಉಳಿದದ್ದು ಇದ್ದಿಲು ಮತ್ತು ಗಂಧಕ. ಪೆಟ್ಲುಪ್ಪು ಪ್ರಾಣವಾಯುವನ್ನು ಒದಗಿಸುತ್ತದೆ, ಇದ್ದಿಲು ಉರಿಯುತ್ತದೆ, ಗಂಧಕ ಬೇಗ ಕಿಡಿ ಹಿಡಿಸುತ್ತದೆ. ಇದ್ದಿಲೆಂದರೆ ಯಾವ ಇದ್ದಿಲಾದರೂ ನಡೆಯುವುದಿಲ್ಲ. ಹಗುರವಾದ, ಟೊಳ್ಳು ಮರದ್ದೇ ಬೇಕು. ಯುರೋಪಿನವರು ವಿಲ್ಲೋ, ಆಲ್ಡರ್ ಮರಗಳನ್ನು ಹುಡುಕಿದರೆ ಭಾರತದಲ್ಲಿ ತೊಗರಿಕಟ್ಟಿಗೆಯ ಇದ್ದಿಲು, ಎಕ್ಕದ ಇದ್ದಿಲು ಮದ್ದಿನ ಮನೆಗಳಿಗೆ ಹೋಗುತ್ತಿದ್ದವು. ವಿಜಯಪುರದ ರೈತ ಒಲೆಗೆ ಹಾಕುವ ತೊಗರಿಕಟ್ಟಿಗೆಗೆ ಇಂಥದೊಂದು ಹಳೆಯ ಗೌರವವೂ ಇದೆ.

ಮದ್ದಿನ ಕಾಳು ಹೊರಮೈಯಿಂದ ಒಳಕ್ಕೆ ಉರಿಯುತ್ತದೆ. ಒಲೆಯ ಮುಂದೆ ಕೂತವರಿಗೆಲ್ಲ ಗೊತ್ತಿರುವ ಸಂಗತಿಯೇ ಇದು. ಒಂದು ಹಿಡಿ ಹತ್ತಿಕಟ್ಟಿಗೆ ಹಾಕಿದರೆ ಭಗ್ಗನೆ ಎದ್ದು ಆರಿಹೋಗುತ್ತದೆ. ಅಷ್ಟೇ ತೂಕದ ಜಾಲಿಯ ಕೊರಡು ರೊಟ್ಟಿ ಮುಗಿಯುವ ತನಕ ನಿಧಾನವಾಗಿ ಉರಿಯುತ್ತದೆ. ಎರಡರಲ್ಲೂ ಇರುವ ಶಾಖ ಹೆಚ್ಚುಕಡಿಮೆ ಒಂದೇ. ಬೇರೆಯಾದದ್ದು ಅದು ಬಿಡುಗಡೆಯಾಗುವ ವೇಗ. ಮದ್ದಿನ ವಿಷಯದಲ್ಲೂ ಇದೇ ನ್ಯಾಯ: ಸಣ್ಣ ಕಾಳು ಥಟ್ಟನೆ ಉರಿದು ಅನಿಲದ ಒತ್ತಡವನ್ನು ಒಮ್ಮೆಲೇ ಮೇಲಕ್ಕೆತ್ತುತ್ತದೆ, ದಪ್ಪ ಕಾಳು ಗುಂಡನ್ನು ಹಿಂದಿನಿಂದ ಒತ್ತುತ್ತ ಹೋಗುತ್ತದೆ. ಹಗುರ ಗುಂಡಿನ ಪಿಸ್ತೂಲಿಗೆ ಸಣ್ಣ ಕಾಳು ಸರಿ. ಭಾರದ ಗುಂಡು ಜಾಗ ಬಿಟ್ಟು ಕದಲುವುದಕ್ಕೇ ಹೊತ್ತು ಬೇಕು. ಅದರ ಹಿಂದೆ ಸಣ್ಣ ಕಾಳು ತುಂಬಿದರೆ ಗುಂಡು ಕದಲುವ ಮೊದಲೇ ಒತ್ತಡ ಮಿತಿಮೀರಿ, ನಳಿಗೆಯೇ ದಾರಿ ಬಿಡಬೇಕಾಗುತ್ತದೆ. ಬಂದೂಕಿನ ಅಂಗಡಿಗಳಲ್ಲಿ ಕರಿಮದ್ದನ್ನು ಒಂದು ಎಫ್, ಎರಡು ಎಫ್, ಮೂರು ಎಫ್ ಎಂದು ವಿಂಗಡಿಸುವುದು ಈ ಕಾಳಿನ ಗಾತ್ರವನ್ನೇ. ಎಫ್ ಹೆಚ್ಚಿದಷ್ಟೂ ಕಾಳು ಸಣ್ಣದು.

ಮದ್ದನ್ನು ಕಾಳು ಮಾಡುವುದನ್ನು ಕಲಿಯುವುದಕ್ಕೇ ಮನುಷ್ಯನಿಗೆ ಬಹಳ ಕಾಲ ಹಿಡಿಯಿತು. ಮೊದಲಿನ ಮದ್ದು ಬರೀ ಹಿಟ್ಟು. ಬಂಡಿಯ ಕುಲುಕಾಟಕ್ಕೆ ಮೂರೂ ವಸ್ತು ಬೇರೆಬೇರೆಯಾಗಿ ಕೂರುತ್ತಿದ್ದವು. ಬಿಗಿಯಾಗಿ ತುಂಬಿದರೆ ಉರಿಯುತ್ತಿರಲಿಲ್ಲ, ಸಡಿಲ ಬಿಟ್ಟರೆ ಹೇಗೆ ಉರಿಯುತ್ತದೆಂಬ ಭರವಸೆ ಇರಲಿಲ್ಲ. ಹದಿನೈದನೆಯ ಶತಮಾನದಲ್ಲಿ ಯುರೋಪಿನಲ್ಲಿ ಒದ್ದೆ ಮಾಡಿ ಕಾಳು ಕಟ್ಟುವ ಪದ್ಧತಿ ಹರಡಿದ ಮೇಲೆ ಮದ್ದಿಗೆ ಒಂದು ಹದ ಬಂತು. ದಖ್ಖನಿನ ಸುಲ್ತಾನರ ತೋಪುಗಳು ಬಂದದ್ದು ಅದರ ನಂತರದ ಶತಮಾನದಲ್ಲಿ.

ಮಲಿಕ್-ಎ-ಮೈದಾನನ್ನು ಎರಕ ಹೊಯ್ದದ್ದು 1549ರಲ್ಲಿ, ಅಹ್ಮದ್‌ನಗರದಲ್ಲಿ. ಹೊಯ್ದವನು ಮುಹಮ್ಮದ್ ಬಿನ್ ಹಸನ್ ರೂಮಿ. ತುರ್ಕಿಯ ಕಡೆಯ ಕುಶಲಿ ಎಂಬುದನ್ನು ಹೆಸರೇ ಹೇಳುತ್ತದೆ. ಉದ್ದ ಹದಿನಾಲ್ಕು ಅಡಿಗೆ ಸ್ವಲ್ಪ ಹೆಚ್ಚು, ತೂಕ ಸುಮಾರು 55 ಟನ್, ಬಾಯೊಳಗೆ ಮನುಷ್ಯ ತೂರಿ ಕೂರಬಹುದಾದಷ್ಟು ಅಗಲ. ಪರಾಂಡಾ ಕೋಟೆಯಿಂದ ಇದು ವಿಜಯಪುರಕ್ಕೆ ಬಂದದ್ದು 1632ರಲ್ಲಿ. ಬ್ರಿಟಿಷರ ಕಾಲದಲ್ಲಿ, 1854ರಲ್ಲಿ, ಇದನ್ನು ಗುಜರಿ ಲೋಹವೆಂದು ಹರಾಜಿಗಿಟ್ಟಾಗ ಕೂಗಿದ ಹೆಚ್ಚಿನ ಬೆಲೆ 150 ರೂಪಾಯಿ ಎಂದೂ, ಆ ಬಳಿಕ ಮನಸ್ಸು ಬದಲಾಗಿ ಹರಾಜು ನಿಂತಿತೆಂದೂ ಹೇಳುತ್ತಾರೆ. ಊರಿನ ಪುಣ್ಯ!

ಇಷ್ಟು ಗಿಡ್ಡ, ಇಷ್ಟು ಅಗಲದ ತೋಪಿನ ಕೆಲಸ ಮುಖ್ಯವಾಗಿ ಹತ್ತಿರದಿಂದ. ಇಲ್ಲಿ ಫೆರಿಷ್ತಾನ ಮಾತು ನೆನೆಯಬೇಕು. ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಶ್ರಯದಲ್ಲಿ, ಇದೇ ವಿಜಯಪುರದಲ್ಲಿ ಕೂತು ಚರಿತ್ರೆ ಬರೆದ ಆತ, 1565ರ ಜನವರಿಯಲ್ಲಿ ನಡೆದ ತಾಳಿಕೋಟೆಯ ಯುದ್ಧದಲ್ಲಿ ಅಹ್ಮದ್‌ನಗರದ ತೋಪುಗಳಿಗೆ ಗುಂಡಿನ ಬದಲು ತಾಮ್ರದ ನಾಣ್ಯದ ಚೀಲಗಳನ್ನು ತುಂಬಿ, ವಿಜಯನಗರದ ಸೈನ್ಯ ಮುಖಕ್ಕೆ ಮುಖ ಬಂದಾಗ ಹಾರಿಸಿದರೆಂದು ಬರೆದಿದ್ದಾನೆ. (ತಾಳಿಕೋಟೆಯನ್ನೂ ತಿಕೋಟೆಯನ್ನೂ ಒಂದೇ ಎಂದುಕೊಳ್ಳುವ ಹೊರಗಿನವರು ಇಂದಿಗೂ ಇದ್ದಾರೆ; ಒಂದು ಜಿಲ್ಲೆಯ ಪೂರ್ವದಲ್ಲಿ, ಇನ್ನೊಂದು ಪಶ್ಚಿಮದಲ್ಲಿ.) ಮಲಿಕ್-ಎ-ಮೈದಾನ್ ಆ ಯುದ್ಧದಲ್ಲಿತ್ತು ಎಂಬುದು ಪ್ರಚಲಿತ ಐತಿಹ್ಯ. ಅದು ಹೇಗೇ ಇರಲಿ, ನಾಣ್ಯ ತುಂಬಿದ ತೋಪು ಎಂದರೆ ಒಂದು ದೈತ್ಯ ಚರೆಕೋವಿಯೇ. ಒಂದು ಗುಂಡಿನ ಬದಲು ನೂರಾರು ಚೂರು. ದೂರ ಕಡಿಮೆ, ಹರವು ಹೆಚ್ಚು.

ಇದಕ್ಕೆ ತೀರ ವಿರುದ್ಧ ಜಾತಿಯದು ಉಪ್ಪಲಿ ಬುರುಜಿನ ಮೇಲಿರುವ ಲಂಬಚರಿ. ಸುಮಾರು ಮೂವತ್ತು ಅಡಿ ಉದ್ದ, ಬಾಯಿ ಮಾತ್ರ ಒಂದು ಅಡಿಯಷ್ಟು. ಇದು ಎರಕವಲ್ಲ. ಕಬ್ಬಿಣದ ಉದ್ದ ಪಟ್ಟಿಗಳನ್ನು ಪೀಪಾಯಿಯ ಹಲಗೆಗಳಂತೆ ಜೋಡಿಸಿ, ಮೇಲೆ ಕಾದ ಬಳೆಗಳನ್ನು ತೊಡಿಸಿ ಬಡಿದು ಕೂಡಿಸಿದ್ದು. 1584ರ ಸುಮಾರಿಗೆ ಹೈದರ್ ಖಾನ್ ಕಟ್ಟಿಸಿದ ಆ ಎಂಬತ್ತು ಅಡಿಯ ಬುರುಜಿನ ನೆತ್ತಿಯಲ್ಲಿ ತೋಪಿನ ಪಕ್ಕದಲ್ಲೇ ಮದ್ದಿನ ಕೋಣೆಯನ್ನೂ ನೀರಿನ ತೊಟ್ಟಿಯನ್ನೂ ಮಾಡಿದ್ದಾರೆ. ಎರಕದ ಕಂಚು ಒತ್ತಡ ತಾಳದಿದ್ದರೆ ಉಬ್ಬಿ ಮುನ್ಸೂಚನೆ ಕೊಡುವುದುಂಟು. ಬೆಸೆದ ಕಬ್ಬಿಣ ಬೆಸುಗೆಯ ಗೆರೆಯಲ್ಲಿ ಹೇಳದೆ ಕೇಳದೆ ಬಿರಿಯುತ್ತದೆ. ಈ ಭೇದವನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ವಾಡೆಯ ಗೋಡೆಯ ಮೇಲಿರುವ ಬಂದೂಕಿನಲ್ಲಿ ಅದು ಮತ್ತೆ ಎದುರಾಗುತ್ತದೆ.

ಹತ್ತೊಂಬತ್ತನೆಯ ಶತಮಾನದ ಒಳ್ಳೆಯ ಇಂಗ್ಲಿಷ್ ಬಂದೂಕಿನ ನಳಿಗೆಯ ಮೇಲೆ ಹಾವಿನ ಪೊರೆಯಂಥ, ನೀರಿನ ಅಲೆಯಂಥ ಚಿತ್ತಾರವಿರುತ್ತದೆ. ಇದನ್ನು ಡಮಾಸ್ಕಸ್ ನಳಿಗೆ ಎನ್ನುತ್ತಾರೆ. ಕಬ್ಬಿಣ ಮತ್ತು ಉಕ್ಕಿನ ಸಣ್ಣ ಸರಳುಗಳನ್ನು ಹೊಸೆದು, ಪಟ್ಟಿ ಮಾಡಿ, ಒಂದು ಕಡ್ಡಿಗೆ ಸುರುಳಿ ಸುತ್ತಿ, ಕುಲುಮೆಯಲ್ಲಿ ಬಡಿದು ಬೆಸೆದದ್ದು. ಒಂದು ನಳಿಗೆಯಲ್ಲಿ ಅಂಗುಲ ಅಂಗುಲಕ್ಕೂ ಬೆಸುಗೆ. ಹೊಸದಾಗಿದ್ದಾಗ ಇವು ದುರ್ಬಲವೇನಲ್ಲ. ಆ ಶತಮಾನದ ಕೊನೆಯಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ನಡೆದ ಪರೀಕ್ಷೆಗಳಲ್ಲಿ ಒಳ್ಳೆಯ ಬೆಸುಗೆ ನಳಿಗೆಗಳು ಅಂದಿನ ಉಕ್ಕಿನ ನಳಿಗೆಗಳಿಗೆ ಸರಿಸಮ ನಿಂತದ್ದುಂಟು. ತೊಂದರೆ ಇರುವುದು ವಯಸ್ಸಿನಲ್ಲಿ. ನೂರು ವರ್ಷ ಬೆಸುಗೆಯ ಸಂದಿಯಲ್ಲಿ ಕೂತ ತುಕ್ಕು ಹೊರಗೆ ಕಾಣುವುದಿಲ್ಲ. ಒಳಗಿನ ಗುಳಿಗಳನ್ನು ಉಜ್ಜಿ ಉಜ್ಜಿ ನಯಗೊಳಿಸಿದಂತೆಲ್ಲ ನಳಿಗೆಯ ಗೋಡೆ ತೆಳ್ಳಗಾಗಿರುತ್ತದೆ. ಹೊರಗೆ ಮಿಂಚುವ ಬಂದೂಕು ಒಳಗೆ ಕಾಗದದಂತಿರಬಹುದು.

ಇಂಥ ನಳಿಗೆಗಳೆಲ್ಲ ಕರಿಮದ್ದಿನ ಕಾಲದವು. ಕರಿಮದ್ದು ಕೊಳಕು ಮದ್ದು. ಉರಿದ ಮೇಲೆ ಅದರ ಅರ್ಧಕ್ಕಿಂತ ಹೆಚ್ಚು ತೂಕ ಹೊಗೆ ಮತ್ತು ಮಸಿಯಾಗಿ ಉಳಿಯುತ್ತದೆ. ಆ ಮಸಿ ಗಾಳಿಯ ತೇವವನ್ನು ಹೀರಿ ಒಂದೇ ರಾತ್ರಿಯಲ್ಲಿ ಕಬ್ಬಿಣವನ್ನು ತಿನ್ನತೊಡಗುತ್ತದೆ. ಬಂದೂಕು ಹಾರಿಸಿದ ದಿನವೇ ಕುದಿಯುವ ನೀರು ಹೊಯ್ದು ತೊಳೆಯಬೇಕೆಂದು ಹಿಂದಿನವರು ಪಟ್ಟುಹಿಡಿಯುತ್ತಿದ್ದದ್ದು ಮಡಿಗಾಗಿ ಅಲ್ಲ. ಬೇಟೆಗಾರನಿಗೆ ಹೊಗೆ ಇಲ್ಲದ ಮದ್ದು ಬೇಕಿತ್ತು. 1860ರ ದಶಕದಲ್ಲಿ ಷುಲ್ಟ್ಜೆ ಎಂಬ ಪ್ರಷ್ಯದ ಸೇನಾಧಿಕಾರಿ ಮರದ ನಾರನ್ನು ನೈಟ್ರಿಕ್ ಆಮ್ಲದಿಂದ ಸಂಸ್ಕರಿಸಿ ಒಂದು ಮದ್ದು ಮಾಡಿದ. 1882ರಲ್ಲಿ ಇ.ಸಿ. ಎಂಬ ಇಂಗ್ಲಿಷ್ ಮದ್ದು ಬಂತು. 1884ರಲ್ಲಿ ಫ್ರಾನ್ಸಿನ ಪಾಲ್ ವ್ಯೇಯ್ ಸೈನ್ಯದ ರೈಫಲಿಗೆ ಒಗ್ಗುವ ಹೊಗೆರಹಿತ ಮದ್ದನ್ನು ರೂಪಿಸಿದ. 1887ರಲ್ಲಿ ಆಲ್ಫ್ರೆಡ್ ನೊಬೆಲ್‌ನ ಬ್ಯಾಲಿಸ್ಟೈಟ್ ಬಂತು.

ಈ ಸಾಲಿನಲ್ಲೇ ಒಂದು ಹಳ್ಳ ಅಡಗಿದೆ. ಅಂದಿನ ಬೇಟೆಗಾರ ಮದ್ದನ್ನು ತೂಗುತ್ತಿರಲಿಲ್ಲ. ಅವನ ಹತ್ತಿರ ಒಂದು ಹಿತ್ತಾಳೆಯ ಅಳತೆ ಇರುತ್ತಿತ್ತು. 12 ಬೋರಿನ ಬಂದೂಕಿಗೆ ಮೂರು ಡ್ರಾಮಿನ ಗೆರೆಯ ತನಕ ತುಂಬಿ ಸುರಿದರೆ ಮುಗಿಯಿತು. ಮೂರು ಡ್ರಾಮ್ ಎಂದರೆ ಸುಮಾರು 5.3 ಗ್ರಾಂ ಕರಿಮದ್ದು. ಷುಲ್ಟ್ಜೆ ಮತ್ತು ಇ.ಸಿ. ಮದ್ದುಗಳನ್ನು ಮಾಡಿದವರು ಈ ಅಭ್ಯಾಸವನ್ನು ಬಲ್ಲವರು. ಅದೇ ಅಳತೆಯಲ್ಲಿ ತುಂಬಿದರೂ ಅಪಾಯವಾಗದಂತೆ ಮದ್ದನ್ನು ಹಗುರವಾಗಿ, ಅರಳಿನಂತೆ ಉಬ್ಬಿಸಿ ಮಾಡಿದರು. ಅಳತೆ ಅದೇ, ತೂಕ ಅರ್ಧ. ಆದರೆ ಬ್ಯಾಲಿಸ್ಟೈಟ್ ಮುಂತಾದ ನಂತರದ ಮದ್ದುಗಳು ಅರಳಲ್ಲ, ಕಲ್ಲುಸಕ್ಕರೆ. ಅವುಗಳಲ್ಲಿ ಒಂದೂವರೆ ಗ್ರಾಂನ ಆಸುಪಾಸು ಸಾಕು. ಹಳೆಯ ಅಳತೆಗೆ ಹೊಸ ಮದ್ದು ತುಂಬಿದರೆ ಬೇಕಾದದ್ದರ ಮೂರು ಪಟ್ಟು ಬೀಳುತ್ತದೆ.

ಹೊಸ ತೋಟಾಗಳ ಪೆಟ್ಟಿಗೆಗಳೂ ಈ ಗೊಂದಲಕ್ಕೆ ತುಪ್ಪ ಸುರಿದವು. ಮುಖ್ಯವಾಗಿ ಅಮೆರಿಕದಲ್ಲಿ ಪೆಟ್ಟಿಗೆಯ ಮೇಲೆ 'ಮೂರು ಡ್ರಾಮಿಗೆ ಸಮ' ಎಂದು ಅಚ್ಚು ಹಾಕುವ ರೂಢಿ ಬೆಳೆಯಿತು. ಮೂರು ಡ್ರಾಮ್ ಕರಿಮದ್ದು ಚರೆಗೆ ಕೊಡುತ್ತಿದ್ದ ವೇಗವನ್ನೇ ಇದೂ ಕೊಡುತ್ತದೆ ಎಂಬುದಷ್ಟೇ ಅದರ ಅರ್ಥ. ಒಳಗೆ ಅಷ್ಟು ತೂಕದ ಮದ್ದಿದೆ ಎಂದಲ್ಲ. ಅದನ್ನು ಅಕ್ಷರಶಃ ಓದಿ ತೋಟಾ ತುಂಬಿದವನ ಬಂದೂಕು ಮೊದಲ ಹೊಡೆತಕ್ಕೇ ಛೇಂಬರಿನ ಹತ್ತಿರ ಬಿರಿಯುತ್ತದೆ. ಎಡಗೈ ಇರುವುದು ಅಲ್ಲಿಂದ ಒಂದು ಗೇಣಿನೊಳಗೆ.

ಸರಿಯಾದ ತೂಕದಲ್ಲಿ ಹಾಕಿದರೂ ಹೊಗೆರಹಿತ ಮದ್ದುಗಳೆಲ್ಲ ಒಂದೇ ಅಲ್ಲ. ಕರಿಮದ್ದಿನ ಉರಿ ಒತ್ತಡ ಏರಿದರೂ ಹೆಚ್ಚು ಬಿರುಸಾಗುವುದಿಲ್ಲ. ಹೊಗೆರಹಿತ ಮದ್ದು ಹಾಗಲ್ಲ: ಒತ್ತಡ ಏರಿದಷ್ಟೂ ಬೇಗ ಉರಿಯುತ್ತದೆ, ಬೇಗ ಉರಿದಷ್ಟೂ ಒತ್ತಡ ಏರುತ್ತದೆ. ಇಳಿಜಾರಿನಲ್ಲಿ ಬಿಟ್ಟ ಬಂಡಿ. ಬಿಲ್ಲೆಯ ದಪ್ಪ, ಆಕಾರ, ಮೇಲಿನ ಲೇಪಗಳಿಂದ ತಯಾರಕರು ಇದನ್ನು ನಿಗ್ರಹಿಸಿ ಚುರುಕಿನವು, ನಿಧಾನದವು ಎಂದು ಹಲವು ಬಗೆ ಮಾಡುತ್ತಾರೆ. ವಿದೇಶಗಳಲ್ಲಿ ಹಳೆಯ ಬಂದೂಕಿನ ಹವ್ಯಾಸಿಗಳು ಪರವಾನಗಿಯೊಂದಿಗೆ ತೋಟಾ ಮರುತುಂಬುವಾಗ ನಡೆಸುವ ಚರ್ಚೆಯೆಲ್ಲ ಇದರ ಸುತ್ತಲೇ. ಅವರು ಹುಡುಕುವುದು ಹೆಚ್ಚು ಶಕ್ತಿಯ ಮದ್ದನ್ನಲ್ಲ. ಕಡಿಮೆ ಚರೆಯೊಂದಿಗೆ, ಕಡಿಮೆ ಒತ್ತಡದಲ್ಲೂ ಕೊನೆಯ ಬಿಲ್ಲೆಯ ತನಕ ಸರಿಯಾಗಿ ಉರಿಯುವಂಥದನ್ನು. ತಯಾರಕರು ಒತ್ತಡ ಅಳೆದು ಪ್ರಕಟಿಸಿದ ಪಟ್ಟಿಯಿಂದ ಕದಲುವುದಿಲ್ಲ. ಒಂದು ಮದ್ದಿನ ತೂಕವನ್ನು ಇನ್ನೊಂದಕ್ಕೆ ಅನ್ವಯಿಸುವುದಿಲ್ಲ. ಪಟ್ಟಿಯಲ್ಲಿ ಹೇಳಿದ ಕೇಪು, ಬಿರಡೆಗಳನ್ನೂ ಬದಲಿಸುವುದಿಲ್ಲ. ಮದ್ದು ಹೆಚ್ಚಿದರೆ ಚರೆ ದೂರ ಹೋಗುತ್ತದೆ ಎಂಬ ಊರಿನ ನಂಬಿಕೆಯೂ ಅರೆ ಸತ್ಯ. ಸಣ್ಣ ಚರೆಯನ್ನು ಗಾಳಿ ಬಹುಬೇಗ ತಡೆಯುತ್ತದೆ; ಹೆಚ್ಚಿನ ಮದ್ದಿನಿಂದ ಹೆಚ್ಚುವುದು ಮುಖ್ಯವಾಗಿ ಹೆಗಲಿನ ಪೆಟ್ಟು ಮತ್ತು ಚರೆಯ ಚದುರುವಿಕೆ.

ಇನ್ನು ಪಟಾಕಿಯ ಮದ್ದು. ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯಲ್ಲಿ ಮದ್ದು ಸುಡುವುದನ್ನು ನೋಡಿ ಬೆಳೆದ ಊರಿಗೆ ಮದ್ದೆಂದರೆ ಎಲ್ಲವೂ ಮದ್ದೇ. ಆದರೆ ಸದ್ದಿನ ಪಟಾಕಿಯಲ್ಲಿರುವುದು ಬಹುತೇಕ ಅಲ್ಯುಮಿನಿಯಂ ಪುಡಿ ಬೆರೆತ ಮಿಶ್ರಣ. ಅದು ಗುಂಡನ್ನು ಒತ್ತಲು ಮಾಡಿದ್ದಲ್ಲ, ಸ್ಫೋಟಿಸಲು ಮಾಡಿದ್ದು. ನಳಿಗೆಯೊಳಗೆ ಅದಕ್ಕೆ ಯಾವ ಪ್ರಮಾಣವೂ ಸುರಕ್ಷಿತವಲ್ಲ.

ಅಂಗಡಿಯ ತೋಟಾವೇ ಕ್ಷೇಮ ಎಂದುಕೊಳ್ಳುವವರಿಗೂ ಒಂದು ಮಾತಿದೆ. 12 ಬೋರ್ ಎಂದರೆ ಒಂದು ಪೌಂಡ್ ಸೀಸದಲ್ಲಿ ಹನ್ನೆರಡು ಸಮ ಗುಂಡು ಮಾಡಿದರೆ ಅದರಲ್ಲೊಂದು ಹಿಡಿಸುವಷ್ಟು ನಳಿಗೆ, ಸುಮಾರು 18.5 ಮಿಲಿಮೀಟರ್. ಬೋರ್ ಒಂದೇ ಇದ್ದರೂ ಛೇಂಬರಿನ ಉದ್ದ ಬೇರೆ. ಹಳೆಯ ಇಂಗ್ಲಿಷ್ ಬಂದೂಕುಗಳ ಛೇಂಬರು ಹೆಚ್ಚಾಗಿ ಎರಡೂವರೆ ಇಂಚು, ಅಂದರೆ 65 ಮಿಲಿಮೀಟರ್. ಈಗಿನ ತೋಟಾ ಬಹುತೇಕ 70 ಮಿಲಿಮೀಟರಿನದು. ಮೋಸ ಎಲ್ಲಿದೆಯೆಂದರೆ, 70 ಎಂಬುದು ಹಾರಿದ ಮೇಲೆ ಬಾಯಿ ಬಿಚ್ಚಿದ ತೋಟಾದ ಉದ್ದ. ಬಾಯಿ ಮಡಿಸಿದ ಹೊಸ ತೋಟಾ 65ರ ಛೇಂಬರಿನಲ್ಲಿ ತಕರಾರಿಲ್ಲದೆ ಕೂರುತ್ತದೆ, ಬಂದೂಕು ಸಲೀಸಾಗಿ ಮುಚ್ಚಿಕೊಳ್ಳುತ್ತದೆ. ಹಾರಿದಾಗ ಬಿಚ್ಚಿಕೊಂಡ ಬಾಯಿ ಮುಂದಿನ ಇಕ್ಕಟ್ಟಿಗೆ ನುಗ್ಗಿ ಚರೆಯ ದಾರಿಯನ್ನು ಕಟ್ಟುತ್ತದೆ, ಒತ್ತಡ ಏರುತ್ತದೆ.

ಸಂದೂಕಿನ ತಳದಲ್ಲಿ ಸಿಕ್ಕ ಹಳೆಯ ತೋಟಾಗಳ ಕಥೆ ಇನ್ನೊಂದು. ಒಣಗಿದ ಕರಿಮದ್ದು ನೂರು ವರ್ಷವಾದರೂ ಕರಿಮದ್ದೇ. ಮಳೆ ಕಡಿಮೆಯಾದ ವಿಜಯಪುರದಂಥ ಊರು ಅದಕ್ಕೆ ಹೇಳಿಮಾಡಿಸಿದ್ದು. ಹೊಗೆರಹಿತ ಮದ್ದಿಗೆ ಆಯುಷ್ಯವಿದೆ. ಅದು ತನ್ನೊಳಗೇ ನಿಧಾನವಾಗಿ ಒಡೆದು ಆಮ್ಲ ಬಿಡುತ್ತದೆ, ಶಾಖ ಹೆಚ್ಚಿದಂತೆ ಆ ಕ್ರಿಯೆಯೂ ಬಿರುಸಾಗುತ್ತದೆ. ನಲವತ್ತು ಡಿಗ್ರಿ ದಾಟುವ ಬೇಸಿಗೆಗಳನ್ನು ತಗಡಿನ ಪೆಟ್ಟಿಗೆಯಲ್ಲಿ ಕಳೆದ ತೋಟಾವನ್ನು ನೆಚ್ಚುವಂತಿಲ್ಲ. ಹಿತ್ತಾಳೆಗೆ ಹಸಿರು ಹಿಡಿದಿದ್ದರೆ, ಹುಳಿ ವಾಸನೆ ಬಂದರೆ ಅದನ್ನು ಮುಟ್ಟದೆ ಪೊಲೀಸರಿಗೆ ತಿಳಿಸುವುದೇ ಸರಿ.

ಕಾನೂನಿನ ಮಾತೂ ಬೇಕು. 1959ರ ಶಸ್ತ್ರ ಕಾಯ್ದೆಯ ಪ್ರಕಾರ ಬಂದೂಕು ಇಟ್ಟುಕೊಳ್ಳುವ ಪರವಾನಗಿ ಬೇರೆ, ಮದ್ದುಗುಂಡು ತಯಾರಿಸುವ ಪರವಾನಗಿ ಬೇರೆ. ಮೊದಲನೆಯದು ಇದೆಯೆಂದು ಮನೆಯಲ್ಲಿ ತೋಟಾ ತುಂಬುವಂತಿಲ್ಲ, ಮದ್ದು ಅರೆಯುವಂತಿಲ್ಲ. ಬೆಳೆಗೆ ಬಂದ ಪ್ರಾಣಿಯ ಮೇಲೆ ಗುಂಡು ಹಾರಿಸುವುದಕ್ಕೆ 1972ರ ವನ್ಯಜೀವಿ ಕಾಯ್ದೆ ಅಡ್ಡ ನಿಲ್ಲುತ್ತದೆ. ಕೊಡಗಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಆ ಸೌಲಭ್ಯ ಬಯಲುಸೀಮೆಗಿಲ್ಲ. ಇಲ್ಲಿನ ನೆನಪು ಬೇರೆಯೇ: 1857ರಲ್ಲಿ ಆಯುಧ ಕಿತ್ತುಕೊಳ್ಳುವ ಆಜ್ಞೆಗೆ ತಿರುಗಿಬಿದ್ದ ಹಲಗಲಿಯ ಬೇಡರ ಊರು ಹಳೆಯ ಬಿಜಾಪುರ ಜಿಲ್ಲೆಯಲ್ಲೇ ಇತ್ತು, 1997ರಿಂದ ಅದು ಬಾಗಲಕೋಟೆಗೆ ಸೇರಿದೆ. ಅಜ್ಜನ ಬಂದೂಕನ್ನು ಮಾರಿಬಿಡು ಎಂದರೆ ಇಲ್ಲಿನವರು ಸುಲಭವಾಗಿ ಒಪ್ಪದಿರುವುದಕ್ಕೆ ಬರೀ ಬೆಲೆ ಕಾರಣವಲ್ಲ.

ಮಾರುವುದೂ ಬೇಡ, ಹಾರಿಸುವ ಮೊದಲು ಓದಿದರೆ ಸಾಕು. ಬಂದೂಕು ಖಾಲಿ ಇದೆಯೆಂದು ಎರಡು ಸಲ ಖಚಿತಪಡಿಸಿಕೊಂಡ ಮೇಲೆ ಪರವಾನಗಿ ಪಡೆದ ಬಂದೂಕು ರಿಪೇರಿಯವನು ನಳಿಗೆಯನ್ನು ಕಳಚಿ ಮಗುಚಿದರೆ, ಅಡಿಭಾಗದಲ್ಲಿ ಕಿರೀಟದ, ಅಕ್ಷರದ ಪುಟ್ಟ ಮುದ್ರೆಗಳು ಕಾಣುತ್ತವೆ. ಲಂಡನ್ ಅಥವಾ ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯಗಳು ಹೆಚ್ಚಿನ ಮದ್ದು ತುಂಬಿ ಹಾರಿಸಿ, ತಾಳಿದ ನಳಿಗೆಗೆ ಒತ್ತಿದ ಮುದ್ರೆಗಳಿವು. ಹೊಗೆರಹಿತ ಮದ್ದಿನ ಪರೀಕ್ಷೆ ಅಲ್ಲಿನ ನಿಯಮಕ್ಕೆ ಬಂದದ್ದು 1896ರಲ್ಲಿ. 'ನೈಟ್ರೋ ಪ್ರೂಫ್' ಎಂಬ ಬರಹವೋ ಅದರ ಮೊದಲಕ್ಷರಗಳೋ ಇಲ್ಲದಿದ್ದರೆ ಅದು ಕರಿಮದ್ದಿನ ಬಂದೂಕು. ಇದ್ದರೂ ಅದು ಅಂದಿನ ನಳಿಗೆಯ ದಪ್ಪಕ್ಕೆ ಕೊಟ್ಟ ಸಾಕ್ಷಿ. ಇಂದಿನ ದಪ್ಪವನ್ನು ಉದ್ದಕ್ಕೂ ಅಳೆಯಬೇಕು, ಛೇಂಬರಿನ ಉದ್ದವನ್ನೂ ನೋಡಬೇಕು. ದೇಶಕ್ಕೆ ಬಂದೂಕಿನ ಆಮದು 1980ರ ದಶಕದಲ್ಲಿ ಬಹುಮಟ್ಟಿಗೆ ನಿಂತದ್ದರಿಂದ ಹಳೆಯ ವಿಲಾಯತಿ ಬಂದೂಕುಗಳು ಕೈಯಿಂದ ಕೈಗೆ ದಾಟುತ್ತಲೇ ಇವೆ. ಮುದ್ರೆ ಉಜ್ಜಿಹೋದವು, ನಳಿಗೆಯನ್ನು ಮೊಟಕು ಮಾಡಿದವು, ಬೇರೆ ಬಂದೂಕಿನ ನಳಿಗೆ ತೊಡಿಸಿದವು ಅವುಗಳಲ್ಲಿ ಕಡಿಮೆಯೇನಿಲ್ಲ. ಅಂಥವುಗಳಿಗೆ ಯಾವ ಮದ್ದೂ ಬೇಡ. ಖಂಡೇನವಮಿಯ ಕುಂಕುಮವೊಂದೇ ಸಾಕು.